ಕೆಂಪಿಗೆ ಯಾವ ಆಯಿಲ್

ನನ್ನ ಗಂಡ ಸಂಗಮೇಶ ಬಸವನ ಬಾಗೇವಾಡಿಯ ಪೇಟೆಯಲ್ಲಿ ಬೀಜ, ಗೊಬ್ಬರ, ಔಷಧಿಯ ಅಂಗಡಿ ಇಟ್ಟವರು. ತೊಗರಿಗೆ ಹುಳ ಬಿದ್ದಿದೆ ಎಂದು ರೈತ ಒಂದು ಎಲೆ ಹರಿದು ತಂದರೆ ಸಾಕು, ಕನ್ನಡಕ ಹಣೆಗೇರಿಸಿ ಒಮ್ಮೆ ನೋಡಿ, "ಇದಕ್ಕ ಇದು ಹೊಡಿ" ಎಂದು ಬಾಟಲಿ ಕೈಗಿಡುತ್ತಾರೆ. ಎರಡನೆಯ ಮಾತಿಲ್ಲ. ಇಂಥ ಮನುಷ್ಯ ತನ್ನ ಮನೆಯ ಒಂದು ಕಾರಿಗೆ ಯಾವ ಆಯಿಲ್ ಹಾಕಬೇಕು ಎಂದು ದಸರೆಯಿಂದ ಯುಗಾದಿಯವರೆಗೆ ಕಾಲಿಗೆ ಚಕ್ರ ಕಟ್ಟಿಕೊಂಡು ತಿರುಗಿದರು ಎಂದರೆ ನೀವು ನಂಬಲಿಕ್ಕಿಲ್ಲ. ಅವರ ಜೊತೆ ಬಾಳುವೆ ಮಾಡುವ ನಾನೇ ಕೆಲವು ದಿನ ನಂಬಲಿಲ್ಲ.

ಕಾರೆಂದರೆ ಊರಲ್ಲಿ ಎಲ್ಲರ ಬಾಗಿಲಿಗೂ ನಿಲ್ಲುವಂಥ ಕಾರಲ್ಲ. ನಮ್ಮ ಮಾವ ಮಡಿವಾಳಪ್ಪನವರು ಹತ್ತಿ ವ್ಯಾಪಾರ ಜೋರಾಗಿದ್ದ ಕಾಲದಲ್ಲಿ ಸೊಲ್ಲಾಪುರದ ಗಿರಣಿ ಮಾಲೀಕರೊಬ್ಬರ ಮನೆಯಿಂದ ಕೊಂಡು ತಂದ ವಿಲಾಯತಿ ಗಾಡಿ. ರೇಸಿನ ಕಾರಿನ ಜಾತಿ. ಎರಡೇ ಸೀಟು, ಮೇಲೆ ಛಾವಣಿಯಿಲ್ಲ, ಉದ್ದನೆಯ ಮೂತಿ, ಸೀಟಿನ ಹಿಂದೆ ಒಂದು ಗಂಟು ಇಡುವಷ್ಟು ಜಾಗ. ಬಣ್ಣ ಕುಂಕುಮದ್ದು. ಆಕಳಿಗೆ ಹೆಸರಿಡುವ ಹಾಗೆ ಮನೆಯವರು ಅದಕ್ಕೆ ಕೆಂಪಿ ಎಂದು ಹೆಸರಿಟ್ಟಿದ್ದರು.

ಮಾವ ತೀರಿಕೊಳ್ಳುವ ಮೊದಲು ಕೆಂಪಿಯ ಕೀಲಿಕೈಯನ್ನು ಇವರ ಅಂಗೈಯಲ್ಲಿಟ್ಟು ಹೇಳಿದ್ದು ಒಂದೇ ಮಾತು. "ಕೆಡಸಬ್ಯಾಡ." ಓಡಿಸು ಎಂದೂ ಹೇಳಲಿಲ್ಲ, ಮಾರು ಎಂದೂ ಹೇಳಲಿಲ್ಲ. ಆ ಒಂದು ಮಾತನ್ನು ಇವರು ಲಿಂಗದ ಕಾಯಿಯ ಹಾಗೆ ಕೊರಳಿಗೆ ಕಟ್ಟಿಕೊಂಡುಬಿಟ್ಟರು.

ಅಂದಿನಿಂದ ಕೆಂಪಿ ಮುಳವಾಡದ ನಮ್ಮ ಹೊಲದ ಮನೆಯ ತಗಡಿನ ಶೆಡ್ಡಿನಲ್ಲಿ ಕೌದಿ ಹೊದ್ದು ಮಲಗಿದ್ದಾಳೆ. ಏಳುವುದು ಅಮಾವಾಸ್ಯೆಗೊಮ್ಮೆ. ನಮ್ಮ ಕಡೆ ಅಮಾವಾಸ್ಯೆ ಬಂತೆಂದರೆ ಗಾಲಿಯಿದ್ದದ್ದಕ್ಕೆಲ್ಲ ಪೂಜೆಯಾಗಬೇಕು. ಇವರು ಬೆಳಿಗ್ಗೆಯೇ ಹೋಗಿ ಅದರ ಮೈ ತೊಳೆದು, ಮೂತಿಗೆ ವಿಭೂತಿ ಎಳೆದು, ನಾಲ್ಕೂ ಗಾಲಿಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಕರ್ಪೂರ ಹಚ್ಚಿ ಇಂಜಿನ್ ಚಾಲೂ ಮಾಡುತ್ತಾರೆ. ಕರ್ಪೂರ ಉರಿದು ಮುಗಿಯುವವರೆಗೆ ಇಂಜಿನ್ ಗುರುಗುಟ್ಟಬೇಕು. ಆಮೇಲೆ ಒಂದು ಮಾರು ಮುಂದೆ ಬಂದು ನಿಂಬೆಹಣ್ಣು ಚಪ್ಪಟೆ ಮಾಡಿ, ಒಂದು ಮಾರು ಹಿಂದೆ ಸರಿದು ಬಂದ್. ಮತ್ತೆ ಕೌದಿ. ಮಾವ ಹೋದ ಮೇಲೆ ಕೆಂಪಿ ಆ ಒಂದು ಮಾರಿಗಿಂತ ದೂರ ಹೋದದ್ದನ್ನು ನಾನು ಕಂಡಿಲ್ಲ. ಕೇಳಿದರೆ "ಓಡಿಸಿದ್ರ ಸವೀತಾಳ" ಎನ್ನುವುದು ಇವರ ವಾದ.

ಇವರ ಅಕ್ಕ ವಿದ್ಯಾವತಿ. ಆಲಮೇಲದ ಮನೆತನಕ್ಕೆ ಕೊಟ್ಟದ್ದು. ಅಲ್ಲಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಲಗ್ನಕ್ಕೆ ಮುಂಚಿನ ಬೇಸಿಗೆಯಲ್ಲಿ ಮಾವನವರು ಮಗಳಿಗೆ ಮುಳವಾಡದ ಹೊಲದ ದಾರಿಯಲ್ಲಿ ಕೆಂಪಿಯನ್ನು ಓಡಿಸಲು ಕಲಿಸಿದ್ದರಂತೆ. ಮಗನಿಗೂ ಕಲಿಸಿದ್ದರು, ಆದರೆ ಕಲಿತದ್ದು ಮಗಳು. ಅಕ್ಕ ಮುಂದೆ ತಮ್ಮದೇ ಸಣ್ಣ ಕಾರು ತೆಗೆದುಕೊಂಡು ಸಿಂದಗಿ, ಇಂಡಿ, ವಿಜಯಪುರ ಎಂದು ಒಬ್ಬರೇ ಓಡಾಡಿದರು. ಕೆಂಪಿಯ ಮಾತು ಮಾತ್ರ ತೆಗೆಯಲಿಲ್ಲ. ತವರಿನ ವಸ್ತುವಿಗೆ ಕೈ ಚಾಚಬಾರದು ಎಂಬ ಬಿಗುಮಾನ ಅವರದು.

ಹೋದ ದಸರೆಗೆ ಬನ್ನಿ ಕೊಡಲು ಬಂದಾಗ ತೆಗೆದರು. ಊಟವಾಗಿತ್ತು. ಅಡಿಕೆ ಹೋಳು ಬಾಯಿಗೆ ಹಾಕಿಕೊಂಡು, ಹವಾಮಾನದ ಸುದ್ದಿ ಹೇಳುವ ದನಿಯಲ್ಲಿ ಹೇಳಿದರು.

"ಸಂಗು, ನನ್ನ ಕಣ್ಣು ಬಾಜೂಲಿಂದ ಮುಚ್ಚಕೋಂತ ಬರಾಕತ್ತಾವ. ಗ್ಲಾಕೋಮಾ ಅಂತ. ಎದರಿಗಿಂದು ಛಲೋ ಕಾಣತೈತಿ, ಎಡಕ್ಕ ಬಲಕ್ಕ ಇದ್ದದ್ದು ಹೋಗಾಕತ್ತೈತಿ. ಹೋದದ್ದು ತಿರುಗಿ ಬರೂದಿಲ್ಲ ಅಂತ ಮಿರಜದ ಡಾಕ್ಟರು ಹೇಳ್ಯಾರ. ಪೂರಾ ಹೋಗೂದರಾಗ ಒಮ್ಮಿ ಕೆಂಪೀನ ಓಡಸಬೇಕಂತ ಮಾಡೇನಿ."

ಇವರ ಕೈಯಲ್ಲಿದ್ದ ಬನ್ನಿ ಎಲೆ ಹಾಗೇ ಉಳಿಯಿತು. ಆಮೇಲೆ ಅವಸರವಾಗಿ ಅಂದರು. "ಓಡಸೂಣಂತ ಅಕ್ಕ. ಒಂದ್ ಆಯಿಲ್ ಬದಲಿ ಮಾಡಿಬಿಡ್ತೇನಿ, ಆತು."

"ಎಂದ?"

"ಇದ ವಾರ."

ಆ ವಾರ ಆರು ತಿಂಗಳಾಯಿತು.

ಮೊದಲು ಮುದ್ದೇಬಿಹಾಳಕ್ಕೆ ಹೋದರು. ಅಲ್ಲಿ ಸಿಕಂದರ ಎಂಬ ಹಳೆಯ ಮಿಸ್ತ್ರಿ ಇದ್ದಾನೆ. ಅವನು ಹೇಳಿದ್ದು: ಹಳೇ ಇಂಜಿನ್ನು, ಒಳಗಿನ ಸಂದುಗಳು ಅಗಲ, ದಪ್ಪ ಆಯಿಲೇ ಬೇಕು, ತೆಳುವಾದದ್ದು ಹಾಕಿದರೆ ನಿಲ್ಲದೆ ಸೋರುತ್ತದೆ. ಇವರು ದಪ್ಪ ಆಯಿಲಿನ ಡಬ್ಬಿ ಹಿಡಿದುಕೊಂಡು ಖುಷಿಯಿಂದ ಬಂದರು. ಆ ಖುಷಿ ಮನೆಯ ಹೊಸ್ತಿಲು ದಾಟುವವರೆಗೂ ಬಾಳಲಿಲ್ಲ. "ಇಂಡೀ ಆರಿಫನ್ನೂ ಒಂದ್ ಮಾತ ಕೇಳಿಬಿಡ್ತೇನಿ" ಎಂದು ಚಪ್ಪಲಿ ಮೆಟ್ಟಿದರು. ಆರಿಫನದು ಇಂಡಿಯಲ್ಲಿ ಬಿಡಿಭಾಗಗಳ ದೊಡ್ಡ ಅಂಗಡಿ. ಅವನು ಅಂದನಂತೆ: ತಿಂಗಳಾನುಗಟ್ಟಲೆ ನಿಂತ ಗಾಡಿಯಲ್ಲಿ ಆಯಿಲೆಲ್ಲ ತಳಕ್ಕಿಳಿದು ಮೇಲಿನ ಭಾಗ ಒಣಗಿರುತ್ತದೆ, ಚಾಲೂ ಮಾಡಿದ ಕೂಡಲೇ ಮೇಲೇರಬೇಕಾದರೆ ತೆಳುವಾದದ್ದೇ ಬೇಕು. ಅದೂ ಖರೆಯೇ. ಇವರು ತೆಳು ಆಯಿಲಿನ ಡಬ್ಬಿಯನ್ನೂ ತಂದರು.

ಆಮೇಲೆ ಮೊಬೈಲಿನಲ್ಲಿ ಓದಲು ಶುರುಮಾಡಿದರು. ಆಗ ನನ್ನ ಮನೆ ಕೆಟ್ಟಿತು ನೋಡಿ. ಹಳೆಯ ಇಂಜಿನ್ನುಗಳಿಗೆ ಆಯಿಲಿನಲ್ಲಿ ಜಿಂಕ್ ಇರಬೇಕಂತೆ, ಈಗಿನ ಆಯಿಲುಗಳಲ್ಲಿ ಅದನ್ನು ಕಡಿಮೆ ಮಾಡಿದ್ದಾರಂತೆ. ಜಿಂಕ್ ಎಂದರೆ ಇವರಿಗೆ ಹೊಸದಲ್ಲ, ಹೊಲಕ್ಕೆ ಹಾಕು ಎಂದು ಚೀಲಗಟ್ಟಲೆ ಮಾರಿದವರು. ಆದರೆ ಇಂಜಿನ್ನಿಗೂ ಅದು ಬೇಕು ಎಂದು ತಿಳಿದ ದಿನ ಮನುಷ್ಯ ಊಟ ಬಿಟ್ಟರು. ಟ್ರ್ಯಾಕ್ಟರಿನ ಆಯಿಲಿನಲ್ಲಿ ಜಿಂಕ್ ಉಂಟು, ಆದರೆ ಅದರಲ್ಲಿ ಸಾಬೂನಿನ ಗುಣ ಜಾಸ್ತಿ, ಒಳಗಿನ ಹಳೇ ಕಿಟ್ಟವನ್ನೆಲ್ಲ ಎಬ್ಬಿಸಿ ಸಣ್ಣ ತೂತುಗಳಿಗೆ ತುಂಬಿದರೆ ಏನು ಗತಿ? ಅದಕ್ಕೆಂದು ಸಿಂದಗಿಗೆ ಹೋಗಿ ಜಿಂಕ್ ಇರುವ ದಪ್ಪ ಆಯಿಲ್ ಹುಡುಕಿ ತಂದರು. ತಂದು ಅದರ ಮೈಮೇಲಿನ ಸಣ್ಣ ಅಕ್ಷರವನ್ನೆಲ್ಲ ಭೂತಗನ್ನಡಿ ಹಿಡಿದು ಓದಿ, ಜಿಂಕ್ ಎಷ್ಟಿದೆ ಎಂದು ಬರೆದಿಲ್ಲ ಎಂದು ಮತ್ತೆ ಹೊಯ್ದಾಡಿದರು.

ಕುಂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಅಂಗಡಿಯಲ್ಲಿ ಗಿರಾಕಿ ಎದುರಿಗಿರುವಾಗಲೇ ಎದ್ದು ಹೋಗಿ ಫೋನು ಹಚ್ಚುವರು. ತಾಟಿನ ಮುಂದೆ ಕೂತು ರೊಟ್ಟಿ ಮುರಿದು ಕೈಯಲ್ಲೇ ಹಿಡಿದುಕೊಂಡಿರುವರು. "ದಪ್ಪ ಹಾಕಿದ್ರ ಚಾಲೂ ಮಾಡೂವಾಗ ಸವೀತೈತಿ, ತೆಳು ಹಾಕಿದ್ರ ಓಡೂವಾಗ ಸವೀತೈತಿ" ಎಂದು ಪಲ್ಯಕ್ಕೆ ಹೇಳುವರು. ಲಚ್ಯಾಣದ ಮಠಕ್ಕೆ ಹೋದಾಗ ಎರಡು ಡಬ್ಬಿಗಳನ್ನು ಚೀಲದಲ್ಲಿ ಹಾಕಿಕೊಂಡೇ ಗದ್ದುಗೆಯ ಮುಂದೆ ಕಣ್ಣು ಮುಚ್ಚಿ ನಿಂತರು. ಜನ ಮಕ್ಕಳು ಬೇಕು, ಮಳೆ ಬೇಕು ಎಂದು ಬೇಡಿಕೊಳ್ಳುವ ಜಾಗ ಅದು. ನನಗೆ ನಗು ತಡೆಯಲಾಗಲಿಲ್ಲ.

ಆದರೆ ನಗು ಬಹಳ ದಿನ ಉಳಿಯಲಿಲ್ಲ. ದೀಪಾವಳಿಗೆ ಅಕ್ಕ ಫೋನು ಮಾಡಿ "ಆಯಿಲ್ ಸಿಕ್ತೇನೋ" ಎಂದು ಕೇಳಿದರು. ಇವರು "ಸಿಕ್ಕಂಗ ಅಕ್ಕ" ಎಂದರು. ಸಂಕ್ರಾಂತಿಗೆ ಮತ್ತೆ ಕೇಳಿದರು. ಆ ಹೊತ್ತಿಗೆ ಅವರು ತಮ್ಮ ಕಾರನ್ನು ರಸ್ತೆಗಿಳಿಸುವುದನ್ನು ಬಿಟ್ಟಿದ್ದರು. ಶಿವರಾತ್ರಿಗೆ ನಾನೇ ಆಲಮೇಲಕ್ಕೆ ಹೋಗಿದ್ದೆ. ಅಡುಗೆಮನೆಯಲ್ಲಿ ನನ್ನ ಜೊತೆ ಮಾತಾಡುತ್ತ ತಿರುಗಿದವರು ಬದಿಯಲ್ಲಿದ್ದ ಹಾಲಿನ ಪಾತ್ರೆಗೆ ಮೊಣಕೈ ಬಡಿದು ಎಲ್ಲ ಚೆಲ್ಲಿಬಿಟ್ಟರು. ಒರೆಸಲು ಬಗ್ಗಿದಾಗ ಬಾಗಿಲ ಚೌಕಟ್ಟು ತಾಗಿತು. ಹಣೆಯ ಪಕ್ಕ ಆಗಲೇ ಹಳೆಯ ಬಾವೊಂದು ಇತ್ತು. ಹೊರಡುವಾಗ ನಾನು ಕಾಯುತ್ತಿದ್ದೆ, ಕೆಂಪಿಯ ಸುದ್ದಿ ಕೇಳುತ್ತಾರೆ ಎಂದು. ಅವರು ಕೇಳಲಿಲ್ಲ. ಕೇಳುವುದನ್ನೇ ಬಿಟ್ಟಿದ್ದರು. 

ಮನೆಗೆ ಬಂದರೆ ಇವರು ಹೊಸದೊಂದು ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಾರೆ. ನನಗೆ ಸಿಟ್ಟು ನೆತ್ತಿಗೇರಿತು. ನಾನು ಮೆತ್ತಗಿನ ಹೆಂಗಸಲ್ಲ, ಅದನ್ನು ಇವರೂ ಹೇಳುತ್ತಾರೆ.

"ಇಂಜಿನ್ ಕೆಟ್ರ ಎಲ್ಲೆರ ಒಂದ್ ಕಡೆ ಮತ್ತೊಂದು ಸಿಗತೈತ್ರಿ. ಕಣ್ಣು ಯಾವ ಅಂಗಡ್ಯಾಗ ಸಿಗತಾವು?"

ಇವರು ಡಬ್ಬಿ ಕೆಳಗಿಟ್ಟರು. "ಜಾಮ್ ಆತಂದ್ರ ಅಪ್ಪಗ ಏನ್ ಹೇಳ್ಲಿ ನಾ? ಕೆಡಸಬ್ಯಾಡ ಅಂದಾನ."

"ಅಪ್ಪಾರು ಹೋಗಿ ಎಷ್ಟ್ ವರ್ಷ ಆತು. ಅಕ್ಕಾರು ಇನ್ನಾ ಇಲ್ಲೇ ಅದಾರ. ನೀವು ಹುಡುಕಾಕತ್ತಿದ್ದು ಆಯಿಲ್ ಅಲ್ರಿ, ನೆವ."

ಇವರು ಡಬ್ಬಿಯನ್ನು ಕಾಲಿಂದ ಬದಿಗೆ ಸರಿಸಿದರು. ಮಾತು ನಾಟಿತು ಎಂದು ಗೊತ್ತಾಯಿತು. ಆದರೆ ನಾಟಿದ ಮಾತು ಮೊಳೆಯುವವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ. ಅಲ್ಲೇ ನಿಂತು ಆಲಮೇಲಕ್ಕೆ ಫೋನು ಹಚ್ಚಿ, ಯುಗಾದಿ ಅಮಾವಾಸ್ಯೆಗೆ ನೇರ ಮುಳವಾಡಕ್ಕೇ ಬನ್ನಿ ಎಂದು ಅಕ್ಕನಿಗೆ ಹೇಳಿದೆ. "ಆಯಿಲ್?" ಎಂದರು ಅವರು. "ನೀವು ಬರ್ರಿ" ಎಂದೆ.

ಅಮಾವಾಸ್ಯೆಯ ದಿನ ಹೊಲದ ಮನೆಗೆ ನಾವು ಹೋಗುವ ಹೊತ್ತಿಗೇ ಬಿಸಿಲು ಚುರುಗುಟ್ಟುತ್ತಿತ್ತು. ಅಕ್ಕ ಬೆಳಿಗ್ಗೆಯ ಬಸ್ಸಿಗೇ ಬಂದಿದ್ದರು. ಕೆಂಪಿಯ ಮೂತಿಯ ಮೇಲೆ ಕೈಯಾಡಿಸುತ್ತ ನಿಂತಿದ್ದರು. ಇವರು ಕಾಯಿ, ಕರ್ಪೂರ, ನಿಂಬೆಹಣ್ಣಿನ ಪುಟ್ಟಿ ಇಳಿಸಿದರು. ಆಮೇಲೆ ನಾಲ್ಕು ಆಯಿಲ್ ಡಬ್ಬಿಗಳನ್ನು ನೆರಳಿನಲ್ಲಿ ಸಾಲಾಗಿ ಇಟ್ಟರು. ಕನ್ಯಾ ನೋಡಲು ಬಂದವರ ಮುಂದೆ ನಾಲ್ಕು ಹುಡುಗಿಯರನ್ನು ಕೂರಿಸಿದ ಹಾಗಿತ್ತು.

"ಪೂಜಾ ಆಮ್ಯಾಲ ಮಾಡೂಣು. ಮೊದಲ ಹಳೇದು ತಗಿ" ಎಂದರು ಅಕ್ಕ.

ಇವರು ಗೋಣಿಚೀಲ ಹಾಸಿ ಕೆಳಗೆ ನುಸುಳಿ, ಬೋಗುಣಿ ಇಟ್ಟು ತಳದ ಬಿರಡೆ ಬಿಚ್ಚಿದರು. ಕಪ್ಪಗಿನ ಆಯಿಲ್ ಬರುತ್ತದೆ ಎಂದು ನಾನೂ ನೋಡುತ್ತಿದ್ದೆ. ಬಂದದ್ದು ಕಪ್ಪಲ್ಲ. ಮೊದಲು ನೀರೇ ಬಂತು, ಆಮೇಲೆ ಹಾಲು ಹೆಚ್ಚಾದ ಚಹಾದ ಬಣ್ಣದ್ದೇನೋ ಗೊಜ್ಜಿನ ಹಾಗೆ ಇಳಿಯಿತು. ಇವರು ಹೊರಗೆ ಬಂದು ಬೋಗುಣಿ ನೋಡಿದರು. ಬೆರಳಿಂದ ಮುಟ್ಟಿ ಉಜ್ಜಿದರು. ಓಡಿ ಹೋಗಿ ರೇಡಿಯೇಟರಿನ ಮುಚ್ಚಳ ತೆಗೆದರು. ಅದರ ನೀರು ತುಂಬಿಯೇ ಇತ್ತು. ಅಂದರೆ ಆ ನೀರು ಅಲ್ಲಿಂದ ಸೋರಿದ್ದಲ್ಲ.

"ಮತ್ತ ನೀರ ಎಲ್ಲಿಂದ ಬಂತು?" ಎಂದೆ ನಾನು.

 ಪ್ರತಿ ಸುಗ್ಗಿಯಲ್ಲೂ ಇವರು ರೈತರಿಗೆ ಹೇಳುವ ಒಂದು ಮಾತಿದೆ: ಹಸಿ ಜೋಳ ಚೀಲ ತುಂಬಬೇಡಿ, ಒಳಗೇ ಬೆವತು ಬೂಸ್ಟು ಹಿಡಿಯುತ್ತದೆ, ಬಿಸಿಲಿಗೆ ಚೆನ್ನಾಗಿ ಕಾಯಿಸಿ ಆಮೇಲೆ ತುಂಬಿ. ಈಗ ಅದೇ ಮಾತನ್ನು ತಮಗೆ ತಾವೇ ಹೇಳಿಕೊಳ್ಳುವವರ ಹಾಗೆ ಮೆಲ್ಲಗೆ ಅಂದರು.

"ಬೆವತೈತಿ. ಇಂಜಿನ್ ಚಾಲೂ ಆದ್ರ ಒಳಗ ಉಗಿ ಆಗತೈತಿ. ಪೂರಾ ಕಾದ್ರ ಆ ಉಗಿ ಹೊರಗ ಹೋಗತೈತಿ. ನಾ ಎಂದೂ ಕಾಯಾಕ ಬಿಟ್ಟಿಲ್ಲ. ಕರ್ಪೂರ ಆರಿತಂದ್ರ ಬಂದ್ ಮಾಡೇನಿ. ಅಮಾಸಿಗೊಮ್ಮಿ ಒಂದೀಟ ನೀರು ನಾನ ಹಾಕ್ಕೋಂತ ಬಂದೇನಿ ಅಕ್ಕ."

ಗೋಣಿಚೀಲದ ಮೇಲೆ ಕುಕ್ಕರಿಸಿ ಕೂತರು. ಅಪ್ಪನ ಮಾತು ಉಳಿಸಲು ಮಾಡಿದ್ದೇ ಅಪ್ಪನ ಗಾಡಿಯನ್ನು ಒಳಗಿಂದ ತಿನ್ನುತ್ತಿತ್ತು. ಅವರ ಮುಖ ನೋಡಿ ನನ್ನ ಸಿಟ್ಟೆಲ್ಲ ಇಳಿದು ಪಾಪ ಅನ್ನಿಸಿತು. ಅಷ್ಟು ಶ್ರದ್ಧೆಯಿಂದ ಯಾರೂ ಏನನ್ನೂ ಕೆಡಿಸಿರಲಿಕ್ಕಿಲ್ಲ.

ಅಕ್ಕ ಬೋಗುಣಿಯನ್ನು ನೋಡಲು ತಲೆಯನ್ನು ಪೂರ್ತಿ ಕೆಳಗೆ ತಿರುಗಿಸಬೇಕಾಯಿತು. ನೋಡಿ, ಗಣಿತದ ಟೀಚರಿನ ದನಿಯಲ್ಲಿ ಹೇಳಿದರು. "ಅಂದ್ರ ದಪ್ಪ ಹಾಕಿದ್ರೂ ಅಷ್ಟ, ತೆಳು ಹಾಕಿದ್ರೂ ಅಷ್ಟ. ಓಡಿಸಲಿಲ್ಲಂದ್ರ ಎಲ್ಲಾದರ ಉತ್ತರ ಒಂದ. ಏಳ, ಹಾಕ."

ಇವರು ಎದ್ದರು. ಟ್ರ್ಯಾಕ್ಟರಿಗೆಂದು ಇಟ್ಟಿದ್ದ ಅಗ್ಗದ ಆಯಿಲ್ ಹಾಕಿ, ಈ ಸಲ ಕರ್ಪೂರವಿಲ್ಲದೆ, ಇಂಜಿನ್ ಮುಟ್ಟಲಾಗದಷ್ಟು ಕಾಯುವವರೆಗೆ ಬಿಟ್ಟು, ಒಳಗಿನ ಗೊಜ್ಜನ್ನೆಲ್ಲ ತೊಳೆದು ಇಳಿಸಿದರು. ಫಿಲ್ಟರ್ ಬದಲಿ ಮಾಡಿದರು. ಆಮೇಲೆ ನಾಲ್ಕು ಡಬ್ಬಿಗಳ ಮುಂದೆ ನಿಂತರು. ಮತ್ತೆ ಶುರುವಾಯಿತು ಎಂದು ನಾನು ಹೆದರಿದೆ. ಆದರೆ ಸಿಂದಗಿಯಿಂದ ತಂದಿದ್ದ ಜಿಂಕಿನ ದಪ್ಪ ಆಯಿಲನ್ನು ಎತ್ತಿಕೊಂಡು, "ಹಳೇ ಇಂಜಿನ್ನಿಗೆ ಇದ. ಬಿಸಲ ನಾಡಿಗೆ ದಪ್ಪಂದ ಬೇಕು" ಎಂದು ಮುಚ್ಚಳ ತಿರುವಿದರು. ಅಳತೆ ನೋಡಿಕೊಂಡು ಸುರಿದರು.

"ನಾ ಒಂದ್ ಸುತ್ತ ಹೊಡದು ನೋಡ್ತೇನಿ, ಆಮ್ಯಾಲ ನೀ" ಎಂದರು ಅಕ್ಕನಿಗೆ.

"ಇಲ್ಲ" ಎಂದು ಅಕ್ಕ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಲಗಡೆಯ ಸೀಟಿನಲ್ಲಿ ಕೂತುಬಿಟ್ಟರು.

ಮುಳವಾಡ ಏತ ನೀರಾವರಿಯ ಕಾಲುವೆಯ ಪಕ್ಕ ಒಂದು ಮಣ್ಣುರಸ್ತೆಯಿದೆ. ಗೆರೆ ಎಳೆದ ಹಾಗೆ ನೇರ, ಹಬ್ಬದ ದಿನ ಒಂದು ನರಪಿಳ್ಳೆಯೂ ಇರುವುದಿಲ್ಲ. ಅಲ್ಲಿ ಓಡಿಸುವುದು ಎಂದಾಯಿತು. ಇವರನ್ನು ನಂಬಿ ಅಕ್ಕನನ್ನು ಕಳಿಸುವ ಧೈರ್ಯ ನನಗಿರಲಿಲ್ಲ. ಸೀಟಿನ ಹಿಂದೆ ಗಂಟು ಇಡುವ ಆ ಜಾಗದಲ್ಲಿ ಕೌದಿ ಮಡಿಚಿ ಹಾಕಿಕೊಂಡು, ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ನಾನೇ ಗಂಟಾಗಿ ಕೂತೆ. ಈ ವಯಸ್ಸಿನಲ್ಲಿ ಇದೊಂದು ಬಾಕಿ ಇತ್ತು.

ಅಕ್ಕ ಗಿಯರು ಹಾಕಿದರು. ಕೆಂಪಿ ಒಮ್ಮೆ ಕೆಮ್ಮಿ, ಜಗ್ಗಿ, ಹೊರಟಳು. ಕಾಲುವೆಯ ದಾರಿಗೆ ಬಂದ ಮೇಲೆ ಎರಡನೆಯ ಗಿಯರು, ಮೂರನೆಯದು. ಬಿಸಿಗಾಳಿ ಮುಖಕ್ಕೆ ಬಡಿಯುತ್ತಿತ್ತು. ಕನ್ನಡಿಯಲ್ಲಿ ನನಗೆ ಅಕ್ಕನ ಮುಖ ಕಾಣುತ್ತಿತ್ತು. ಅಂಥ ಮುಖವನ್ನು ನಾನು ಅವರ ಮಗಳ ಲಗ್ನದಲ್ಲೂ ಕಂಡಿರಲಿಲ್ಲ. ನನಗೇ ಕಣ್ಣು ತುಂಬಿ ಬಂತು.

ಇವರು ಮಾತ್ರ ರಸ್ತೆಯನ್ನೇ ನೋಡುತ್ತಿರಲಿಲ್ಲ. ಡ್ಯಾಶ್‌ಬೋರ್ಡಿನ ಮೇಲೆ ಆಯಿಲಿನ ಒತ್ತಡ ತೋರಿಸುವ ಒಂದು ಸಣ್ಣ ಗಡಿಯಾರದಂಥದ್ದಿದೆ. ಅದರ ಸೂಜಿಗೆ ಕಣ್ಣು ನೆಟ್ಟು, ಜ್ವರ ಬಂದ ಕೂಸಿನ ನಾಡಿ ಹಿಡಿದವರ ಹಾಗೆ ಕೂತಿದ್ದರು. "ಸೂಜಿ ಗಟ್ಟಿ ಐತಿ ಅಕ್ಕ. ಈಗ ಚೂರ ಇಳೀತು. ಇಲ್ಲ, ಮತ್ತ ಏರ್ತು." ಇದೇ ಜಪ.

ಎಡಗಡೆಯ ಹೊಲದಿಂದ ಕುರಿಗಳು ಏರಿ ಬರುತ್ತಿದ್ದವು. ನನಗೆ ಕಂಡಿತು. ಇಷ್ಟು ದೊಡ್ಡ ಹಿಂಡು, ಇಷ್ಟು ಧೂಳು, ಅಕ್ಕನಿಗೆ ಕಂಡಿರಲೇಬೇಕು ಎಂದುಕೊಂಡೆ. ಕೆಂಪಿ ಅದೇ ವೇಗದಲ್ಲಿ ಹೋಗುತ್ತಿದ್ದಳು. 

"ಅಕ್ಕಾರ, ಕುರಿ" ಎಂದು ಚೀರಿದೆ.

ಅಕ್ಕ ಬ್ರೇಕಿನ ಮೇಲೆ ನಿಂತರು. ಕೆಂಪಿ ಅಡ್ಡಡ್ಡ ಜಾರಿ, ಮೊದಲ ಕುರಿಯ ಮೂಗಿಗೆ ಒಂದು ಗೇಣು ದೂರದಲ್ಲಿ ನಿಂತಳು. ಇಂಜಿನ್ ಬಂದ್ ಆಯಿತು. ಕುರಿ ಕಾಯುವವನು ಕೋಲು ನೆಲಕ್ಕೂರಿ ಎರಡು ಸೀಟಿನ ಗಾಡಿಯಲ್ಲಿದ್ದ ಮೂರು ಜನರನ್ನು ನೋಡುತ್ತ ನಿಂತ. ಹಿಂಡು ನಮ್ಮೆರಡೂ ಬದಿಗೆ ಸುತ್ತಿಕೊಂಡು ಹೋಯಿತು.

ಇವರು ಸೂಜಿಯಿಂದ ಕಣ್ಣೆತ್ತಿ ಅಕ್ಕನ ಕಡೆ ತಿರುಗಿದರು. ಅಕ್ಕ ತಿರುಗಲಿಲ್ಲ. ನೇರ ಮುಂದೆಯೇ ನೋಡುತ್ತಿದ್ದರು. ಕುರಿಗಳ ಸದ್ದು ಎರಡೂ ಕಿವಿಗೆ ಬೀಳುತ್ತಿದ್ದರೂ ಅವರಿಗೆ ಕಾಣುತ್ತಿದ್ದದ್ದು ಎದುರಿಗಿದ್ದ ಒಂದಿಷ್ಟೇ ರಸ್ತೆ. ದಸರೆಯಲ್ಲಿ ಬನ್ನಿ ಕೊಡುವಾಗ ಬದಿಯಲ್ಲಿ ಕೂತ ನನ್ನ ಕೈಯನ್ನು ನೋಡಿಯೇ ಎಲೆ ಇಟ್ಟವರು ಇದೇ ಅಕ್ಕ.

"ನನಗ ಕಾಣಲಿಲ್ಲೋ" ಎಂದರು ಅಕ್ಕ. ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. "ದಸರಾದಾಗ ಆಗಿದ್ರ ಕಾಣ್ತಿತ್ತು."

ಇವರು ಇಳಿದು ಹೋಗುತ್ತಾರೆ, ಇಲ್ಲಿಗೆ ಮುಗಿಯಿತು ಎಂದು ನಾನು ಅಂದುಕೊಂಡೆ. ಅಕ್ಕನೂ ಹಾಗೇ ಅಂದುಕೊಂಡಿರಬೇಕು, ಕೀಲಿಕೈ ತೆಗೆಯಲು ಕೈ ನೀಡಿದರು. ಇವರು ಆ ಕೈಯನ್ನು ಹಿಡಿದು ಮತ್ತೆ ಸ್ಟಿಯರಿಂಗಿನ ಮೇಲೆ ಇಟ್ಟರು. ಹೆಗಲ ಮೇಲಿದ್ದ ಟವೆಲ್ಲನ್ನು ತೆಗೆದು ಆ ಸೂಜಿಯ ಮೇಲೆ ಮುಚ್ಚಿ ಸಿಕ್ಕಿಸಿದರು.

"ಚಾಲೂ ಮಾಡ. ಬಾಜೂಕಿಂದು ನಾ ಹೇಳ್ತೇನಿ."

"ಇಂಜಿನ್ ನೋಡಾವರ್ಯಾರು?"

"ಇಂಜಿನ್ ಸಾಯ್ಲಿ."

ಅಕ್ಕ ಚಾಲೂ ಮಾಡಿದರು. ಕಾಲುವೆ ಮುಗಿಯುವವರೆಗೂ ಇವರು ಒಮ್ಮೆಯೂ ಆ ಟವೆಲ್ ಎತ್ತಿ ನೋಡಲಿಲ್ಲ. ಎಡಕ್ಕೆ ಜಾಲಿಕಂಟಿ, ಎಡಕ್ಕೆ ಎರಡು ಎಮ್ಮೆ, ಬಲಕ್ಕೆ ಕಾಲುವೆ, ನೀರು ಬಿಟ್ಟಾರ ಅಕ್ಕ, ದಂಡಿ ತುಂಬ ಹರೀತೈತಿ, ಬಲಕ್ಕೆ ಹೆಣ್ಣುಮಕ್ಕಳು ಅರಿವಿ ಒಗ್ಯಾಕತ್ತಾರ, ಕೈ ಮಾಡಾಕತ್ತಾರ ನಿನಗ, ನೀನೂ ಕೈ ಮಾಡ. ಅಕ್ಕ ನೇರ ರಸ್ತೆ ನೋಡುತ್ತಲೇ ಬಲಗೈ ಎತ್ತಿ ಆಡಿಸಿದರು. ಇವರ ದನಿ ಒಡೆದಿತ್ತು, ಕಣ್ಣೀರು ಗಾಳಿಗೆ ಕಿವಿಯವರೆಗೂ ಹರಿದಿತ್ತು, ಆದರೂ ಹೇಳುವುದನ್ನು ನಿಲ್ಲಿಸಲಿಲ್ಲ.